ಗಡಿಯಾರ ‘ಚೈನು ಸಮೇತ’ವೋ, ಚೈನು ಕೂಡಿದ ಗಡಿಯಾರವೋ?

ನನ್ನ ಪರಿಚಿತರೊಬ್ಬರು ತಮ್ಮ ಉಯಿಲನ್ನು ಕನ್ನಡದಲ್ಲಿಯೇ ಬರೆಸುತ್ತಿದ್ದಾರೆ. ಹೊಲ, ಮನೆ, ನಿವೇಶನಗಳ ವರ್ಣನೆಗೆ ನಮ್ಮ ಪತ್ರ ಬರಹಗಾರರ ಬಳಿ ತಲೆಮಾರುಗಳ ಬಳಕೆಯಿಂದ ನುಣುಪಾದ ಭಾಷೆಯಿದೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚಕ್ಕುಬಂದಿ ಹೇಳಿದರೆ ಸ್ವತ್ತು ಯಾವುದೆಂಬ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಕೈಗಡಿಯಾರಕ್ಕೆ ಚಕ್ಕುಬಂದಿ ಇಲ್ಲ. ಪರಿಚಿತರು ಹೊರದೇಶದಲ್ಲಿ ಕೆಲಸದಲ್ಲಿದ್ದಾಗ ಕೊಂಡ ಗಡಿಯಾರವೊಂದು ಮಗಳಿಗೆ ಸೇರಬೇಕಾಗಿದೆ. ಅದರ ಮಾರಾಟದ ರಸೀದಿಯಲ್ಲಿರುವ ಒಂದೇ ಸಾಲಿನ ವರ್ಣನೆಯನ್ನು ಕನ್ನಡ ಲಿಪಿಗೆ ಇಳಿಸಿದರೆ ಹೀಗಾಗುತ್ತದೆ: ‘ಪ್ರೀ-ಓನ್ಡ್ ಲಕ್ಷುರಿ ಸ್ಟೀಲ್ ಸ್ಪೋರ್ಟ್ಸ್ ಕ್ರೊನೊಗ್ರಾಫ್ ವಿತ್ ಇಂಟಿಗ್ರೇಟೆಡ್ ಬ್ರೇಸ್ಲೆಟ್’. ಅಂದರೆ ಹಿಂದೆ ಬೇರೊಬ್ಬರ ಒಡೆತನದಲ್ಲಿದ್ದ, ಅಲ್ಪಾವಧಿಯನ್ನೂ ಅಳೆಯಬಲ್ಲ (ಕ್ರೊನೊಗ್ರಾಫ್), ಮೈಯೊಡನೆ ಒಂದಾಗಿ ರೂಪಿಸಿದ ಚೈನುಳ್ಳ (ಇಂಟಿಗ್ರೇಟೆಡ್ ಬ್ರೇಸ್ಲೆಟ್) ಐಷಾರಾಮಿ ಸ್ಟೀಲ್ ಗಡಿಯಾರ. ಪತ್ರ ಬರಹಗಾರರು ಇದನ್ನು ಕನ್ನಡಕ್ಕೆ ತಿರುಗಿಸಿ ‘ಹಳೆಯ ಸ್ಟೀಲಿನ ಕ್ರೀಡಾ ಗಡಿಯಾರ ಒಂದು, ಚೈನು ಸಮೇತ’ ಎಂದು ಬರೆದರು. ಓದಿದ ಪರಿಚಿತರು, ಇದನ್ನು ನೋಡಿದರೆ ನನ್ನ ಮಗಳು ಗಡಿಯಾರವನ್ನು ಗುಜರಿಗೆ ಹಾಕುತ್ತಾಳೆ ಎಂದು ನೊಂದುಕೊಂಡು ಕಾಗದವನ್ನು ನನ್ನ ಬಳಿ ತಂದರು. ಎರಡು ವಾರಗಳಿಂದ ನಾನು ಈ ಏಳೆಂಟು ಪದಗಳ ಜೊತೆಯಲ್ಲಿಯೇ ಇದ್ದೇನೆ.

ಮೊದಲು ವಸ್ತುವಿನ ಪರಿಚಯ ಆಗಬೇಕು, ಏಕೆಂದರೆ ಪದದ ಹೊಂದಿಕೆಯನ್ನು ವಸ್ತುವನ್ನು ಬಿಟ್ಟು ತೂಗಲು ಬರುವುದಿಲ್ಲ. ಗಡಿಯಾರ ಸ್ವಿಟ್ಜರ್ಲೆಂಡಿನ ಓಡೆಮಾರ್ ಪಿಗೆ ಸಂಸ್ಥೆಯ ರಾಯಲ್ ಓಕ್ ಕ್ರೊನೊಗ್ರಾಫ್. ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರರು ರೂಪಿಸಿದ ಮೂಲ ರಾಯಲ್ ಓಕ್ 1972ರಲ್ಲಿ ಬಂತು. ಎಂಟು ಮೂಲೆಯ ಅಂಚು, ಅದರ ಮೇಲೆ ಎಂಟು ಷಟ್ಕೋನ ತಿರುಪುಗಳು, ಮೈಯಿಂದಲೇ ಹೊರಟು ಕೊಂಡಿಯ ಕಡೆಗೆ ಕಿರಿದಾಗುತ್ತ ಹೋಗುವ ಸ್ಟೀಲ್ ಚೈನು ಅದರ ಗುರುತುಗಳು. ಅದಕ್ಕೆ 25 ವರ್ಷ ತುಂಬಿದ 1997ರಲ್ಲಿ 39 ಮಿಲಿಮೀಟರ್ ಅಗಲದ ಕ್ರೊನೊಗ್ರಾಫ್ ರೂಪ ಹೊರಬಂತು. ಪರಿಚಿತರ ಬಳಿ ಇರುವುದು ಆ ಸಾಲಿನದು.

ಪತ್ರ ಬರಹಗಾರರ ವಾಕ್ಯದಲ್ಲಿ ನನಗೆ ಹೆಚ್ಚು ತೊಡಕೆನಿಸಿದ್ದು ‘ಹಳೆಯ’ ಎಂಬುದಲ್ಲ, ‘ಕ್ರೀಡಾ’ ಎಂಬುದೂ ಅಲ್ಲ; ಕೊನೆಯ ‘ಸಮೇತ’. ನಮ್ಮ ಬಳಕೆಯಲ್ಲಿ ‘ಸಮೇತ’, ‘ಸಹಿತ’, ‘ಜೊತೆಗೆ’ ಎಂಬುವು ಬೇರೆ ಬೇರೆಯಾಗಿ ಇರಬಲ್ಲ ಎರಡನ್ನು ಒಂದೆಡೆ ತರುವ ಪದಗಳು. ಲಗ್ನಪತ್ರಿಕೆಯಲ್ಲಿ ‘ಸಕುಟುಂಬ ಸಮೇತರಾಗಿ ಬನ್ನಿ’ ಎಂದು ಅಚ್ಚಾಗುವುದು ಒಬ್ಬರೇ ಬರುವ ಸಾಧ್ಯತೆ ಇರುವುದರಿಂದಲೇ. ಬಾಲ ಸಮೇತ ಕೋತಿ ಬಂತು ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುತ್ತಾರೆ. ಹಾಗಿರುವಾಗ ‘ಗಡಿಯಾರ, ಚೈನು ಸಮೇತ’ ಎಂದು ಬರೆದರೆ ಚೈನು ಇಲ್ಲದೆಯೂ ಆ ಗಡಿಯಾರ ಪೂರ್ಣ ಎಂಬ ಭಾವನೆ ನುಸುಳುತ್ತದೆ. ಸಾಮಾನ್ಯ ಕೈಗಡಿಯಾರಕ್ಕೆ ಇದು ಸರಿಯೇ: ಬೆಲ್ಟ್ ಬಿಚ್ಚಿ ಚೈನು ಹಾಕಬಹುದು, ಚೈನು ಬೇಡವೆಂದರೆ ಮತ್ತೆ ಬೆಲ್ಟ್ ಹಾಕಬಹುದು, ಅಂಗಡಿಯವರು ಅದೇ ಸರಕನ್ನು ‘ಬೆಲ್ಟ್ ವಾಚ್’, ‘ಚೈನ್ ವಾಚ್’ ಎಂದು ಎರಡು ಬೆಲೆಗೆ ಮಾರುವುದೂ ಉಂಟು. ಆದರೆ ಇಲ್ಲಿ ಚೈನನ್ನು ತೆಗೆದಿಟ್ಟರೆ ಉಳಿಯುವುದು ತೋಳು ಕಳೆದುಕೊಂಡ ಅಂಗಿ. ಇನ್ನೊಂದು ಅಪಾಯವೂ ಇದೆ. ಉಯಿಲಿನ ಚರಸ್ವತ್ತಿನ ಪಟ್ಟಿಯಲ್ಲಿ ‘ಚೈನು’ ಎಂಬ ಪದ ಕಂಡಾಗ ನಮ್ಮವರ ಕಣ್ಣಿಗೆ ಮೊದಲು ಬರುವುದು ಕೊರಳ ಚಿನ್ನದ ಸರ. ಗಡಿಯಾರ ಮಗಳಿಗೆ ಹೋಗಲಿ, ಚೈನು ಎಲ್ಲಿ ಎಂದು ಇನ್ನೊಬ್ಬ ವಾರಸುದಾರರು ಕೇಳಿದರೆ ಅವರನ್ನು ತಪ್ಪೆನ್ನಲಾಗದು.

‘ಇಂಟಿಗ್ರೇಟೆಡ್’ ಎಂಬುದಕ್ಕೆ ಸಿದ್ಧವಾಗಿ ಸಿಗುವ ಸಂಸ್ಕೃತ ಪದಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ಸಮಗ್ರ’ ಸರ್ಕಾರಿ ಯೋಜನೆಗಳಿಗೆ ಸೇರಿಹೋಗಿದೆ. ‘ಸಮಗ್ರ ಚೈನು’ ಎಂದರೆ ಚೈನಿನಲ್ಲಿ ಯಾವ ಭಾಗವೂ ಕಡಿಮೆಯಿಲ್ಲ ಎಂದಷ್ಟೇ ಆಗುತ್ತದೆ. ‘ಅಂತರ್ಗತ’ ಎಂದರೆ ಒಳಗೆ ಅಡಗಿದ್ದು, ಆದರೆ ಚೈನು ಹೊರಗೇ ಇದೆ. ‘ಏಕೀಕೃತ’ ಎಂಬುದು ನಾಡಿನ ಚರಿತ್ರೆಯನ್ನು ನೆನಪಿಸುತ್ತದೆಯೇ ಹೊರತು ಮಣಿಕಟ್ಟನ್ನಲ್ಲ. ‘ಅಖಂಡ’ ಎಂಬ ಪದ ಕ್ಷಣಕಾಲ ಆಸೆ ಹುಟ್ಟಿಸಿತು. ಆದರೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಅಖಂಡ ಬಾಗಿಲು ಒಂದೇ ಬಂಡೆಯಲ್ಲಿ ಕಡೆದದ್ದಾದ್ದರಿಂದ ಆ ಹೆಸರಿಗೆ ಅರ್ಹ. ಈ ಚೈನಾದರೋ ಹತ್ತಾರು ಬಿಡಿ ಕೊಂಡಿಗಳಿಂದ ಕೂಡಿದ್ದು, ಬೇಕೆಂದಾಗ ಕೊಂಡಿಗಳನ್ನು ಕಳಚಿ ಉದ್ದ ಕಡಿಮೆ ಮಾಡಬಹುದಾದದ್ದು. ‘ಬೆಸೆದ’ ಎಂಬ ಅಚ್ಚಗನ್ನಡ ಪದಕ್ಕೂ ಇದೇ ದೋಷ. ಅಕ್ಕಸಾಲಿಗರ ಮಾತಿನಲ್ಲಿ ಬೆಸುಗೆ ಎಂದರೆ ಕಾಯಿಸಿ ಕೂಡಿಸಿ ಮತ್ತೆ ಬಿಚ್ಚಲಾಗದಂತೆ ಮಾಡುವುದು, ಇದನ್ನಾದರೋ ರಿಪೇರಿಯವರು ಬಿಚ್ಚಬಲ್ಲರು. ಬಿಚ್ಚಿದ ಮೇಲೆ ಮಾಮೂಲಿ ಚೈನು ಅಲ್ಲಿ ಕೂರುವುದಿಲ್ಲ ಎಂಬುದಷ್ಟೇ ವಿಶೇಷ.

ಈ ಕೊನೆಯ ಮಾತಿನಿಂದಲೇ ಒಂದು ದಾರಿ ಕಂಡಿತು. ಸಾಮಾನ್ಯ ಗಡಿಯಾರದ ಮೈಗೆ ಮೇಲೆರಡು, ಕೆಳಗೆರಡು ಚಾಚುಗಳಿರುತ್ತವೆ, ಅವುಗಳ ನಡುವಿನ ಕಡ್ಡಿಗೆ ಬೆಲ್ಟನ್ನು ಸಿಕ್ಕಿಸುತ್ತಾರೆ. ಫ್ರೆಂಚರು ಆ ಚಾಚುಗಳನ್ನು ಕೊಂಬು ಎನ್ನುತ್ತಾರೆ. ಇಂಗ್ಲಿಷಿನವರು ಬಳಸುವ ‘ಲಗ್’ ಎಂಬ ಪದಕ್ಕೆ ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಇಂದಿಗೂ ಕಿವಿ ಎಂದೇ ಅರ್ಥ. ಕೊಪ್ಪರಿಗೆ, ಬಾಣಲೆಗಳ ಹಿಡಿಕೆಯನ್ನು ‘ಕಿವಿ’ ಎನ್ನುವ ನಮಗೆ ಇದು ಹೊಸದೇನೂ ಅಲ್ಲ, ಗಡಿಯಾರಕ್ಕೂ ಅದೇ ಪದವನ್ನು ಅಂಜಿಕೆಯಿಲ್ಲದೆ ಬಳಸಬಹುದು. ಆಗ ನಮ್ಮ ಗಡಿಯಾರ ಕಿವಿಯಿಲ್ಲದ ಗಡಿಯಾರವಾಗುತ್ತದೆ; ಬೆಲ್ಟ್ ಸಿಕ್ಕಿಸುವ ಕಿವಿಯೇ ಇಲ್ಲ, ಮೈಯೇ ಮುಂದುವರಿದು ಚೈನಾಗಿದೆ. (ಮೈ ಎಂದು ನಾನು ಬರೆಯುತ್ತಿರುವುದು ಬೇಕೆಂದೇ. ವಾಚಿನವರು ‘ಕೇಸ್’ ಎನ್ನುತ್ತಾರೆ, ಆದರೆ ಉಯಿಲಿನಲ್ಲಿ ಕೇಸ್ ಎಂಬ ಪದವನ್ನು ತಾವಾಗಿಯೇ ಬರೆಸಲು ಯಾರಿಗೆ ಮನಸ್ಸಾದೀತು?) ಹೀಗೆ ಯೋಚಿಸುತ್ತ ‘ಮೈಗೂಡಿದ ಚೈನು’ ಎಂಬ ರೂಪಕ್ಕೆ ಬಂದೆ. ಗುಣಗಳನ್ನು, ಅಭ್ಯಾಸಗಳನ್ನು ಮೈಗೂಡಿಸಿಕೊಳ್ಳುವುದು ನಮ್ಮ ದಿನದ ಮಾತು. ಅಲ್ಲಿ ಹೊರಗಿನಿಂದ ಬಂದದ್ದು ತನ್ನದೇ ಆಗುತ್ತದೆ ಎಂಬ ಧ್ವನಿಯಿದೆ, ಇಲ್ಲಿಯೂ ಅದು ಸಲ್ಲುತ್ತದೆ ಎಂದು ನನಗೆ ತೋರುತ್ತದೆ.

ಆದರೆ ಗಡಿಯಾರ ಬಲ್ಲ ಗೆಳೆಯರೊಬ್ಬರು ಇದಕ್ಕೆ ತಕ್ಷಣ ತಕರಾರು ತೆಗೆದರು. ಈ ಕಸುಬಿನಲ್ಲಿ ‘ಇಂಟಿಗ್ರೇಟೆಡ್’ ಎಂಬ ಪದ ಚೈನಿಗಷ್ಟೇ ಅಲ್ಲ, ಕ್ರೊನೊಗ್ರಾಫಿನ ಯಂತ್ರಕ್ಕೂ ಸಲ್ಲುತ್ತದೆ. ಗಂಟೆ ತೋರಿಸುವ ಯಂತ್ರವನ್ನೂ ಅಲ್ಪಾವಧಿಯನ್ನು ಅಳೆಯುವ ಯಂತ್ರವನ್ನೂ ಮೊದಲಿನಿಂದಲೇ ಒಂದಾಗಿ ಕಟ್ಟಿದ್ದರೆ ಅದು ಒಂದು ಬಗೆ. ಗಂಟೆ ತೋರಿಸುವ ಯಂತ್ರದ ಮೇಲೆ ಅಳೆಯುವ ಯಂತ್ರವನ್ನು ಮಹಡಿಯಂತೆ ಕೂರಿಸಿದ್ದರೆ ಅದು ಇನ್ನೊಂದು ಬಗೆ. ಸ್ವಾರಸ್ಯವೆಂದರೆ ಇದೇ ಸಂಸ್ಥೆ 1993ರಲ್ಲಿ ತಂದ ರಾಯಲ್ ಓಕ್ ಆಫ್‌ಶೋರ್ ಎರಡನೆಯ ಬಗೆಯದು, 1997ರ ಕ್ರೊನೊಗ್ರಾಫ್ ಮೊದಲನೆಯ ಬಗೆಯದು. ಯಂತ್ರಕ್ಕೆ ‘ಮೈಗೂಡಿದ’ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ. ‘ಒಂದಾಗಿ ಕಟ್ಟಿದ’ ಮತ್ತು ‘ಮೇಲೆ ಕೂರಿಸಿದ’ ಎಂಬ ಜೋಡಿಯೇ ಸರಿಯೆನ್ನಿಸುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತದೆಂದು ಕನ್ನಡದಲ್ಲೂ ಒಂದೇ ಪದವನ್ನು ದುಡಿಸಬೇಕೆಂಬ ಹಟ ನನಗಿಲ್ಲ.

ಇನ್ನು ‘ಕ್ರೊನೊಗ್ರಾಫ್’. ಗ್ರೀಕಿನಲ್ಲಿ ಇದರ ಅರ್ಥ ಕಾಲವನ್ನು ಬರೆಯುವುದು ಎಂದು. ಅದು ಅಲಂಕಾರದ ಮಾತಾಗಿರಲಿಲ್ಲ. 1821ರಲ್ಲಿ ನಿಕೊಲಾ ರ್ಯೂಸೆಕ್ ಪ್ಯಾರಿಸಿನ ಕುದುರೆ ಪಂದ್ಯದಲ್ಲಿ ಬಳಸಿದ ಯಂತ್ರವು, ಕುದುರೆ ಗುರಿ ಮುಟ್ಟಿದಾಗ ಗುಂಡಿ ಒತ್ತಿದರೆ, ತಿರುಗುತ್ತಿದ್ದ ಬಿಲ್ಲೆಯ ಮೇಲೆ ಶಾಯಿಯ ಚುಕ್ಕೆಯೊಂದನ್ನು ನಿಜವಾಗಿಯೂ ಇಡುತ್ತಿತ್ತು. ಅದಕ್ಕೂ ಮೊದಲು, 1816ರಲ್ಲಿ, ಲೂಯಿ ಮ್ವಾನೆ ಮಾಡಿದ ಯಂತ್ರ ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಎಣಿಸುತ್ತಿತ್ತು, ಆದರೆ ಬರೆಯುತ್ತಿರಲಿಲ್ಲ. ಈಗಿನ ಕ್ರೊನೊಗ್ರಾಫುಗಳೂ ಏನನ್ನೂ ಬರೆಯುವುದಿಲ್ಲ. ಒಂದು ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಮರಳಿ ಸೊನ್ನೆಗೆ ಬರುತ್ತದೆ. ಹೀಗಾಗಿ ‘ಕಾಲಲೇಖಿ’ ಎಂಬ ಪದ ಚಂದವಾದರೂ ಸುಳ್ಳು, ‘ಕಾಲಮಾಪಕ’ ಎಂದರೆ ಕ್ರೊನೊಮೀಟರಿನೊಡನೆ ಗೊಂದಲ. ಕ್ರೊನೊಮೀಟರ್ ಎಂಬುದು ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಡಿಯಾರದ ಹೆಸರು. ಸ್ವಿಸ್ ಪರೀಕ್ಷೆಯ ಪ್ರಕಾರ ಯಂತ್ರದ ಸರಾಸರಿ ನಡೆ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಎಂಬ ಮಿತಿಯೊಳಗಿರಬೇಕು. ಎರಡೂ ಬೇರೆ ಬೇರೆ ಎಂಬುದನ್ನು ಪತ್ರಿಕೆಗಳಲ್ಲಿ ಬರೆಯುವವರು ಕೂಡ ಮರೆಯುತ್ತಾರೆ. ನಾನು ‘ಕ್ರೊನೊಗ್ರಾಫ್’ ಎಂದೇ ಉಳಿಸಿ, ಪಕ್ಕದಲ್ಲಿ ‘ಓಡಿಸಿ ನಿಲ್ಲಿಸಬಹುದಾದ ಸೆಕೆಂಡ್ ಮುಳ್ಳುಳ್ಳ’ ಎಂಬ ವಿವರಣೆ ಇಟ್ಟಿದ್ದೇನೆ.

ಸೆಕೆಂಡ್ ಮುಳ್ಳಿನ ಮಾತು ಬಂದಾಗ ಒಂದು ತಮಾಷೆಯನ್ನು ಹೇಳದೆ ಇರಲಾರೆ. ‘ಪ್ರೀ-ಓನ್ಡ್’ ಎಂಬುದಕ್ಕೆ ನಮ್ಮ ಬೀದಿಯ ಮಾತು ‘ಸೆಕೆಂಡ್ ಹ್ಯಾಂಡ್’, ಸೆಕೆಂಡ್ ಮುಳ್ಳಿಗೆ ಇಂಗ್ಲಿಷಿನ ಹೆಸರೂ ‘ಸೆಕೆಂಡ್ ಹ್ಯಾಂಡ್’. ಎರಡರ ಬುಡವೂ ಒಂದೇ: ಗಂಟೆಯನ್ನು ಮೊದಲ ಸಲ ಅರವತ್ತು ಪಾಲು ಮಾಡಿದಾಗ ಸಿಗುವುದು ನಿಮಿಷ, ಅದನ್ನು ಎರಡನೆಯ ಸಲ ಅರವತ್ತು ಪಾಲು ಮಾಡಿದಾಗ ಸಿಗುವುದು ‘ಎರಡನೆಯದು’, ಅಂದರೆ ಸೆಕೆಂಡ್. ದಿನವನ್ನು ಅರವತ್ತು ಗಳಿಗೆ, ಗಳಿಗೆಯನ್ನು ಅರವತ್ತು ವಿಗಳಿಗೆ ಮಾಡಿದ ನಮ್ಮ ಹಿರಿಯರ ಲೆಕ್ಕವೂ ಇದೇ ಜಾಡಿನದು. ‘ಗಡಿಯಾರ’ ಎಂಬ ಪದದ ಮೂಲವೂ ಆ ಗಳಿಗೆಯ ಮನೆತನದ್ದೇ.

ಹಾಗಾದರೆ ‘ಪ್ರೀ-ಓನ್ಡ್’ ಎಂಬುದನ್ನು ಏನು ಮಾಡುವುದು? ‘ಹಳೆಯ’ ಎಂದರೆ ವಸ್ತುವಿನ ವಯಸ್ಸು, ‘ಬಳಸಿದ’ ಎಂದರೆ ಸವೆತ, ‘ಕೈ ಬದಲಾದ’ ಎಂದರೆ ಒಡೆತನ. ಮೂರರಲ್ಲಿ ಮೂಲಕ್ಕೆ ಹತ್ತಿರವಾದದ್ದು ಕೊನೆಯದು, ಜಾಹೀರಾತು ಬರೆಯುವವರಿಗೆ ಅದನ್ನೇ ಶಿಫಾರಸು ಮಾಡುತ್ತೇನೆ. ಉಯಿಲಿಗೆ ಮಾತ್ರ ಅದು ಬೇಡವೇ ಬೇಡ ಎಂಬುದು ನನ್ನ ತೀರ್ಮಾನ, ಏಕೆಂದರೆ ಅದು ವಸ್ತುವಿನ ಗುಣವನ್ನು ಹೇಳುವ ಪದವಲ್ಲ, ಮಾರುವವರು ಬೆಲೆಯನ್ನು ಸಮರ್ಥಿಸಿಕೊಳ್ಳಲು ಆಡುವ ಪದ. ಐದಾರು ಕೈ ದಾಟಿ ಬಂದ ಜಮೀನನ್ನು ಯಾವ ಪತ್ರದಲ್ಲೂ ಸೆಕೆಂಡ್ ಹ್ಯಾಂಡ್ ಹೊಲ ಎಂದು ಬರೆದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು. ಗಡಿಯಾರಕ್ಕೂ ‘ನನ್ನ ಸ್ವಯಾರ್ಜಿತವಾದ’ ಎಂದರೆ ಸಾಕು, ತೂಕವೂ ಬರುತ್ತದೆ.

‘ಸ್ಪೋರ್ಟ್ಸ್’ ಎಂಬುದನ್ನು ‘ಕ್ರೀಡಾ’ ಎಂದು ಮಾಡಿದ್ದರಿಂದ ಶಾಲೆಯ ಆಟದ ಮೈದಾನದ ಸೀಟಿ ಕಿವಿಗೆ ಬೀಳುತ್ತದೆ. ಸೂಟಿನ ತೋಳಿನೊಳಗೆ ಅಡಗುವ ತೆಳುವಾದ ಗಡಿಯಾರವಲ್ಲ, ನೀರು ಬಡಿತಗಳನ್ನು ತಾಳಬಲ್ಲದ್ದು ಎಂಬುದಷ್ಟೇ ಅದರ ಅರ್ಥ, ಅದನ್ನು ಬಿಟ್ಟೇಬಿಟ್ಟೆ. ‘ಸ್ಟೀಲ್’ ಬಗ್ಗೆ ಸ್ವಲ್ಪ ನಿಲ್ಲಬೇಕಾಯಿತು. ಭದ್ರಾವತಿಯದು ಉಕ್ಕಿನ ಕಾರ್ಖಾನೆ, ಅಡುಗೆಮನೆಯದು ಸ್ಟೀಲಿನ ಡಬ್ಬಿ. ಎರಡೂ ಒಂದೇ ಕುಲದ ಲೋಹವಾದರೂ ನಮ್ಮ ಕಿವಿಯಲ್ಲಿ ಒಂದು ಗಂಭೀರ, ಇನ್ನೊಂದು ಅಗ್ಗ. ಈ ಅಗ್ಗದ ಭಾವನೆ ನಮಗೊಬ್ಬರಿಗೇ ಇದ್ದದ್ದಲ್ಲ. 1972ರಲ್ಲಿ ಸ್ಟೀಲಿನ ರಾಯಲ್ ಓಕ್ 3,000 ಫ್ರಾಂಕಿಗೂ ಮೇಲ್ಪಟ್ಟ ಬೆಲೆಗೆ, ಅಂದಿನ ಎಷ್ಟೋ ಚಿನ್ನದ ಗಡಿಯಾರಗಳನ್ನು ಮೀರಿಸಿ ಬಂದಾಗ ಯುರೋಪಿನವರೇ ಹುಬ್ಬೇರಿಸಿದ್ದರು. ‘ತುಕ್ಕು ಹಿಡಿಯದ ಉಕ್ಕು’ ಎಂದು ಬರೆದರೆ ಅರ್ಥವೂ ಸರಿ, ಘನತೆಯೂ ಉಳಿಯುತ್ತದೆ ಎಂದು ಅದನ್ನೇ ಆರಿಸಿದೆ. ‘ಐಷಾರಾಮಿ’ ಎಂಬುದನ್ನು ಪರಿಚಿತರೇ ಹೊಡೆದುಹಾಕಿದರು: ಉಯಿಲು ಓದುವ ದಿನ ಆ ಪದ ಕೇಳಿದರೆ ಮನೆಯವರು ಅವರನ್ನು ಬೈದುಕೊಳ್ಳುತ್ತಾರಂತೆ.

ಈಗ ನನ್ನ ಕರಡು ಹೀಗಿದೆ: ‘ನನ್ನ ಸ್ವಯಾರ್ಜಿತವಾದ, ತುಕ್ಕು ಹಿಡಿಯದ ಉಕ್ಕಿನಿಂದ ಮಾಡಿದ, ಓಡಿಸಿ ನಿಲ್ಲಿಸಬಹುದಾದ ಸೆಕೆಂಡ್ ಮುಳ್ಳುಳ್ಳ, ಅದೇ ಲೋಹದ ಚೈನು ಮೈಗೂಡಿರುವ ಓಡೆಮಾರ್ ಪಿಗೆ ರಾಯಲ್ ಓಕ್ ಕ್ರೊನೊಗ್ರಾಫ್ ಕೈಗಡಿಯಾರ ಒಂದು.’ ಇದರ ಮುಂದೆ ಹಿಂಬದಿಯಲ್ಲಿ ಕೆತ್ತಿರುವ ಸಂಖ್ಯೆ ಬರುತ್ತದೆ. ಚಕ್ಕುಬಂದಿಯ ಕೆಲಸವನ್ನು ಅದು ಮಾಡುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡೇ. ‘ಚೈನು ಮೈಗೂಡಿರುವ ಗಡಿಯಾರ’ ಎಂದಾಗ ಚೈನು ಗಡಿಯಾರದ ಅಂಗವೆಂದು ನಿಮಗೆ ಕೇಳಿಸುತ್ತದೆಯೇ, ಅಥವಾ ‘ಮೈಗೂಡು’ ಎಂಬುದು ಗುಣಕ್ಕಷ್ಟೇ ಸಲ್ಲುವ ಕ್ರಿಯೆಯಾಗಿ, ವಸ್ತುವಿಗೆ ಹಾಕಿದಾಗ ಎಡವುತ್ತದೆಯೇ? ಎರಡನೆಯದು, ಲೋಹದ ವಾಚ್‌ಪಟ್ಟಿಗೆ ನಿಮ್ಮ ಊರಿನ ರಿಪೇರಿ ಅಂಗಡಿಯಲ್ಲಿ ‘ಚೈನು’ ಅಲ್ಲದೆ ಬೇರೆ ಹೆಸರು ಬಳಕೆಯಲ್ಲಿದೆಯೇ? ಇದ್ದರೆ ಕೊರಳ ಸರದ ಗೊಂದಲವೂ ಅದರೊಡನೆ ತಪ್ಪುತ್ತದೆ. ಕರಡಿಗೆ ಮುಂದಿನ ವಾರ ಸಾಕ್ಷಿಗಳ ಸಹಿ ಬೀಳಲಿದೆ.