ಮಾಕ್ ಎಪಿಐ ಟರ್ಮಿನಲ್‌ನಲ್ಲಿ ಓಡತ್ತೆ, ಸರ್ವಿಸ್ ಮಾಡಿದ್ರೆ ಸಾಯತ್ತೆ

ಪ್ರಶ್ನೆ
ಫ್ರಂಟೆಂಡ್ ಟೆಸ್ಟಿಂಗ್‌ಗೆ ಅಂತ ಜೇಸನ್-ಸರ್ವರ್ (ಒಂದು ಜೇಸನ್ ಫೈಲಿಂದ ಮಾಕ್, ಅಂದ್ರೆ ನಕಲಿ ಎಪಿಐ ಕೊಡೋ ಟೂಲು) ಇಟ್ಕೊಂಡಿದೀನಿ, ಒಂದು ಡಿಬಿ ಫೈಲು, 3000 ಪೋರ್ಟು, ಅಷ್ಟೇ. ಇಷ್ಟು ದಿನ ನೋಹಪ್ (ಟರ್ಮಿನಲ್ ಮುಚ್ಚಿದ್ರೂ ಓಡ್ತಾ ಇರೋ ಹಾಗೆ ಮಾಡೋ ಕಮಾಂಡ್) ಹಾಕಿ ಬಿಟ್ಟಿದ್ದೆ, ಮಷೀನ್ ರೀಬೂಟ್ ಆದಾಗೆಲ್ಲ ಎಪಿಐ ಬಿದ್ದಿದೆ ಅಂತ ಯಾರಾದ್ರೂ ಬಂದು ನಿಲ್ತಾರೆ, ಅದಕ್ಕೆ ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ಶುರು ಮಾಡಿ ನೋಡ್ಕೊಳ್ಳೋದು) ಒಂದು ಯೂನಿಟ್ ಫೈಲ್ ಬರೆದೆ. ಸ್ಟಾರ್ಟ್ ಕೊಟ್ರೆ 203/ಎಕ್ಸೆಕ್ ಅಂತ ಬರತ್ತೆ. ಅದೇ ಕಮಾಂಡ್ ಕೈಯಲ್ಲಿ ಟೈಪ್ ಮಾಡಿದ್ರೆ ಆರಾಮಾಗಿ ಓಡತ್ತೆ! ಇದನ್ನ ಓಡಿಸೋ ನೋಡ್ (ನೋಡ್.ಜೆಎಸ್) ಹಾಕಿರೋದು ಎನ್‌ವಿಎಂನಲ್ಲಿ (ನೋಡ್ ವರ್ಷನ್ ಮ್ಯಾನೇಜರ್).

ಉತ್ತರ 1
ಎನ್‌ವಿಎಂ ಅಂದ್ರಲ್ಲ, ಅಲ್ಲೇ ಇರೋದು ತೊಂದ್ರೆ. ಎನ್‌ವಿಎಂ ತನ್ನ ಫೋಲ್ಡರನ್ನ ಪಾತ್‌ಗೆ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಸೇರಿಸೋದು ನಿಮ್ಮ ಬ್ಯಾಶ್‌ಆರ್‌ಸಿ ಫೈಲಲ್ಲಿ (ಟರ್ಮಿನಲ್ ತೆಗೆದಾಗ ಓದೋದು), ಸಿಸ್ಟಮ್‌ಡಿ ಅದನ್ನ ಓದೋದೇ ಇಲ್ಲ. 203 ಅಂದ್ರೆ ಓಡಿಸೋಕೆ ಹೇಳಿದ ಫೈಲು ಅದಕ್ಕೆ ಸಿಗ್ಲಿಲ್ಲ, ಇಲ್ಲಾ ಎಕ್ಸಿಕ್ಯೂಟ್ ಪರ್ಮಿಷನ್ ಇಲ್ಲ ಅಂತ. ಯೂನಿಟ್‌ನ ಎಕ್ಸೆಕ್‌ಸ್ಟಾರ್ಟ್ (ಯಾವ ಕಮಾಂಡ್ ಓಡಿಸ್ಬೇಕು ಅನ್ನೋ ಸಾಲು) ನಲ್ಲಿ ಫೈಲಿನ ಪೂರ್ತಿ ಪಾತ್ ಕೊಡಿ, ಹೋಮ್ ಫೋಲ್ಡರ್‌ಗೆ ಟಿಲ್ಡ (~) ಹಾಕ್ಬೇಡಿ, ಅದು ಅಲ್ಲಿ ಬಿಚ್ಚಿಕೊಳ್ಳಲ್ಲ.

ಪ್ರಶ್ನೆ ಕೇಳಿದವರು
ಕೊಟ್ಟೆ, ಈಗ 203 ಹೋಗಿ 127 ಬಂತು 😅 ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ನೋಡಿದ್ರೆ ನೋಡ್ ಅನ್ನೋ ಫೈಲೇ ಇಲ್ಲ ಅಂತಿದೆ.

ಉತ್ತರ 1
ಹಾಂ ಅದೂ ಅದೇ ಕಥೆ. ಜೇಸನ್-ಸರ್ವರ್ ಫೈಲಿನ ಮೊದಲನೇ ಸಾಲೇ ನೋಡ್‌ನ ಪಾತ್‌ನಲ್ಲಿ ಹುಡುಕು ಅನ್ನತ್ತೆ. ಮೊದಲು ನೋಡ್‌ನ ಪೂರ್ತಿ ಪಾತ್, ಆಮೇಲೆ ಸ್ಕ್ರಿಪ್ಟಿನ ಪಾತ್ ಬರೀರಿ. ಆದ್ರೆ ಎನ್‌ವಿಎಂ ಪಾತ್‌ನಲ್ಲಿ ವರ್ಷನ್ ನಂಬರ್ ಇರತ್ತೆ, ಹಳೇ ವರ್ಷನ್ ತೆಗೆದ ದಿನ ಮತ್ತೆ ಬೀಳತ್ತೆ, ನನ್ನ ಕೇಳಿದ್ರೆ ಸರ್ವಿಸ್‌ಗೆ ಅಂತ ಸಿಸ್ಟಮ್ ಪ್ಯಾಕೇಜ್ ನೋಡೇ ಹಾಕ್ಕೊಳ್ಳಿ.

ಉತ್ತರ 2
ವರ್ಕಿಂಗ್‌ಡೈರೆಕ್ಟರಿ (ಯಾವ ಫೋಲ್ಡರ್‌ನಲ್ಲಿ ಓಡ್ಬೇಕು ಅನ್ನೋ ಸಾಲು) ಮರೀಬೇಡಿ, ಕೊಡದೇ ಇದ್ರೆ ಸರ್ವಿಸ್ ಓಡೋದು ರೂಟ್ ಫೋಲ್ಡರ್ (/) ನಲ್ಲಿ, ನಿಮ್ಮ ಡಿಬಿ ಫೈಲ್ ಅಲ್ಲೆಲ್ಲಿರತ್ತೆ. ಯೂಸರ್ ಸಾಲೂ ಹಾಕಿ, ಟೆಸ್ಟಿಂಗ್ ಸರ್ವರ್‌ಗೆ ರೂಟ್ ಯೂಸರ್ (ಎಲ್ಲ ಅಧಿಕಾರ ಇರೋದು) ಯಾಕೆ. ರೀಸ್ಟಾರ್ಟ್ ಆನ್-ಫೇಲ್ಯೂರ್ ಜೊತೆ ರೀಸ್ಟಾರ್ಟ್‌ಸೆಕ್ 5 ಕೊಡಿ. ಮತ್ತೆ ಎಬ್ಬಿಸೋ ಮುಂಚೆ ಕಾಯೋ ಡೀಫಾಲ್ಟ್ 100 ಮಿಲಿಸೆಕೆಂಡು, 10 ಸೆಕೆಂಡಲ್ಲಿ 5 ಸಲ ಎದ್ದು ಬಿದ್ರೆ ಸಿಸ್ಟಮ್‌ಡಿ ಕೈ ಬಿಟ್ಟುಬಿಡತ್ತೆ, ಆಮೇಲೆ ಆ ಫೇಲ್ ಸ್ಥಿತಿ ಅಳಿಸೋಕೆ ರೀಸೆಟ್-ಫೇಲ್ಡ್ ಅಂತ ಒದ್ದಾಡ್ಬೇಕು. ಯೂನಿಟ್ ಫೈಲ್ ಮುಟ್ಟಿದಾಗೆಲ್ಲ ಡೀಮನ್-ರೀಲೋಡ್, ಬೂಟ್‌ನಲ್ಲಿ ತಾನೇ ಏಳೋಕೆ ಇನೇಬಲ್, ಅದಕ್ಕೆ ಇನ್‌ಸ್ಟಾಲ್ ಸೆಕ್ಷನ್‌ನಲ್ಲಿ ವಾಂಟೆಡ್‌ಬೈ ಮಲ್ಟಿ-ಯೂಸರ್ ಟಾರ್ಗೆಟ್ ಇರ್ಬೇಕು.

ಪ್ರಶ್ನೆ ಕೇಳಿದವರು
ಓಡ್ತು! ರೀಬೂಟ್ ಮಾಡಿ ನೋಡ್ದೆ, ತಾನೇ ಎದ್ದಿದೆ. ಒಂದು ಸಲ ಮಾತ್ರ ಗೆಟ್ (ಡೇಟಾ ಓದೋದು) ಎಲ್ಲಾ ಬರ್ತಿತ್ತು, ಪೋಸ್ಟ್ (ಹೊಸ ಡೇಟಾ ಬರೆಯೋದು) ಮಾಡಿದ್ರೆ ಫೇಲು. ಡಿಬಿ ಫೈಲ್ ನಾನೇ ಸುಡೋ (sudo, ರೂಟ್ ಆಗಿ ಓಡಿಸೋ ಕಮಾಂಡ್) ಹಾಕಿ ಕಾಪಿ ಮಾಡಿದ್ದೆ, ಓನರ್ ರೂಟ್ ಆಗಿ ಕೂತಿತ್ತು, ಫೋಲ್ಡರ್ ಸಮೇತ ಚೌನ್ ಮಾಡಿ (ಓನರ್ ಬದಲಾಯಿಸಿ) ಆದ್ಮೇಲೆ ಸರಿಹೋಯ್ತು.