ಬರೀ 6,200 ಕಿಲೋಮೀಟರ್ ಓಡಿದೆ

ನಮ್ಮ ‘ಕ್ಯಾತ್ಸಂದ್ರ ಮನೆ’ ವಾಟ್ಸಾಪ್ ಗುಂಪು. ಶನಿವಾರ ರಾತ್ರಿ ಊಟ ಆದಮೇಲೆ ಶುರುವಾದ ಮಾತು.

ಪುಟ್ಟ: (ಐದು ಫೋಟೋ) ‘ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650 ಬೈಕ್, 2023 ಮಾಡೆಲ್, ಒಬ್ಬರೇ ಓನರ್, ಬರೀ 6,200 ಕಿ.ಮೀ. ಓಡಿದೆ, ಶೋರೂಮ್ ಕಂಡೀಷನ್.’ ತುಮಕೂರಲ್ಲೇ ಇದೆ. ಮಾವ, ಒಂದು ಸಲ ನೋಡಿ ಹೇಳಿ. ನಾಳೆ ಅಡ್ವಾನ್ಸ್ ಕೊಡೋಣ ಅಂತಿದ್ದೇನೆ.

ಅಕ್ಕ: ಯಾರನ್ನು ಕೇಳಿ ಅಡ್ವಾನ್ಸ್? ಇರೋ ಗಾಡಿಗೆ ಏನಾಗಿದೆ?

ಭಾವ: ಅವನ ಲೆಕ್ಕದಲ್ಲಿ ತಪ್ಪೇನಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕ್‌ಗೆ ಜಿಎಸ್‌ಟಿ 40% ಆಗಿದೆ. ಮುಂಚೆ ಸೆಸ್ ಸೇರಿ 31% ಇತ್ತು. ಹೊಸದು ದುಬಾರಿ ಆದಮೇಲೆ ಹಳೇದಕ್ಕೆ ಬೆಲೆ ನಿಲ್ಲುತ್ತದೆ. ಮೂರು ವರ್ಷ ಓಡಿಸಿ ಮಾರಿದರೂ ದೊಡ್ಡ ಲಾಸ್ ಆಗುವುದಿಲ್ಲ.

ನಾನು: ಭಾವ, ತೆರಿಗೆ ಲೆಕ್ಕ ಸರಿ. ಆದರೆ ಅದು ಕೊಳ್ಳೋ ದಿನದ್ದು, ಮಾರೋ ದಿನದ್ದು. ನಾನು ಇಂಥದ್ದೇ ದೊಡ್ಡ ಕ್ರೂಸರ್ (ಕಾಲು ಮುಂದೆ ಚಾಚಿ ಕೂರುವ ಬೈಕ್) ಇಟ್ಟುಕೊಂಡು ಎಂಟು ವರ್ಷ ಆಯಿತು, 61,000 ಕಿಲೋಮೀಟರ್ ಓಡಿಸಿದ್ದೇನೆ. ಗಾಡಿ ಏನು ಅಂತ ಗೊತ್ತಾಗುವುದು ನಡುವಿನ ದಿನಗಳಲ್ಲಿ. ಪುಟ್ಟ, ಆ ಜಾಹೀರಾತಿನಲ್ಲಿ ನಿನಗೆ ಇಷ್ಟ ಆಗಿರುವುದು ಯಾವುದೋ ನನಗೆ ಹೆದರಿಕೆ ಆಗಿರುವುದೂ ಅದೇ. 6,200. ಸುಮಾರು ಮೂರು ವರ್ಷದ ಗಾಡಿ. ತಿಂಗಳಿಗೆ ಇನ್ನೂರು ಕಿಲೋಮೀಟರೂ ಓಡಿಲ್ಲ.

ಚಿಕ್ಕಪ್ಪ: ಕಡಿಮೆ ಓಡಿದ್ದರೆ ಒಳ್ಳೆಯದೇ ಅಲ್ವಾ? ಓಡದ ಎಂಜಿನ್ ಸವೆಯುವುದಿಲ್ಲ.

ನಾನು: ಎಂಜಿನ್ ಸವೆದಿರುವುದಿಲ್ಲ ಚಿಕ್ಕಪ್ಪ, ನಿಜ. ಉಳಿದದ್ದೆಲ್ಲ ನಿಂತಲ್ಲೇ ಹಾಳಾಗುತ್ತದೆ. ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಬ್ಯಾಟರಿ ಇಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ, ಅದೂ ತೇವ ಎಳೆಯುತ್ತದೆ. ಟ್ಯಾಂಕ್ ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತುಕ್ಕು. ದಿನಾ ಓಡುವ ಗಾಡಿಯಲ್ಲಿ ಇದರಲ್ಲಿ ಅರ್ಧದಷ್ಟು ತೊಂದರೆ ಬರುವುದೇ ಇಲ್ಲ.

ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡು. ಹಿಂದಿನ ಚಕ್ರದ ಹತ್ತಿರ ಚೈನ್ ಕಾಣುತ್ತದೆ. ಕೊಂಡಿಗಳ ಪಕ್ಕದಲ್ಲಿ ಕೆಂಪಗಿರುವುದು ಮಣ್ಣಲ್ಲ, ತುಕ್ಕು. ಫೋಟೋ ತೆಗೆಯುವ ಮುಂಚೆ ಟ್ಯಾಂಕ್, ಸೀಟ್ ಎಲ್ಲ ಉಜ್ಜಿದ್ದಾರೆ, ಚೈನ್ ಮರೆತಿದ್ದಾರೆ.

ಪುಟ್ಟ: ಹೌದು ಮಾವ, ಈಗ ಕಾಣಿಸಿತು. ಆದರೆ ಚೈನ್ ಹೊಸದು ಹಾಕಿಸಿದರಾಯಿತು. ನೀವು ಎಂಟು ವರ್ಷ ಇಟ್ಟುಕೊಂಡಿದ್ದೀರಿ, ಮಾರುವ ಮಾತೇ ಆಡಿಲ್ಲ. ನನಗೆ ಮಾತ್ರ ಯಾಕೆ ಬೇಡ ಅನ್ನುತ್ತೀರಿ?

ನಾನು: ಬೇಡ ಅಂದಿಲ್ಲ ಕಣೋ. ಒಂದು ಪ್ರಶ್ನೆಗೆ ಉತ್ತರ ಕೊಡು. ವಾರದಲ್ಲಿ ಎಷ್ಟು ದಿನ ಓಡಿಸುತ್ತೀಯ?

ಪುಟ್ಟ: ಭಾನುವಾರ. ಯಾವಾಗಲಾದರೂ ರಜಾ ಇದ್ದಾಗ. ಕೆಲಸಕ್ಕೆ ವಸಂತನರಸಾಪುರಕ್ಕೆ ಹೋಗಲು ಕಂಪನಿ ಬಸ್ ಇದೆಯಲ್ಲ.

ನಾನು: ಈಗ ಮಾರುತ್ತಿರುವವರೂ ಹಾಗೇ ಅಂದುಕೊಂಡು ತೊಗೊಂಡಿರಬೇಕು.

ಅಕ್ಕ: ಇವನು ಓಡಿಸುತ್ತಾನೋ ಬಿಡುತ್ತಾನೋ, ಹಿಂದೆ ಕೂರುವವರ ಕಥೆ ಯಾರೂ ಕೇಳಲ್ಲ. ಗೂಳೂರು ಗಣಪನ್ನ ನೋಡೋಕೆ ನಿನ್ನ ಗಾಡಿ ಹಿಂದೆ ಕೂತು ಹೋಗಿದ್ದೆ, ನೆನಪಿದೆಯಾ? ಅಂಗೈ ಅಗಲದ ಸೀಟು. ಒಂದೊಂದು ಹಂಪ್‌ಗೂ ಸೊಂಟ ಹಿಡಿದುಕೊಂಡೆ. ಬರುವಾಗ ಆಟೋದಲ್ಲಿ ಬಂದೆ.

ನಾನು: ನೆನಪಿದೆ ಅಕ್ಕ. ಆಮೇಲೆ ಹಿಂದಿನ ಸೀಟು ಅಗಲ ಮಾಡಿಸಿದೆ, ಬೆನ್ನಿಗೆ ಒರಗು ಹಾಕಿಸಿದೆ. ಆದರೂ ನೀನು ಹೇಳಿದ್ದು ನಿಜ. ಮುಂದೆ ಕೂತವನಿಗೂ ಅದು ತಪ್ಪಿದ್ದಲ್ಲ. ಕ್ರೂಸರ್‌ನಲ್ಲಿ ಕಾಲು ಮುಂದೆ ಚಾಚಿರುತ್ತದೆ. ಬೇರೆ ಬೈಕ್‌ನಲ್ಲಿ ಗುಂಡಿ ಬಂದರೆ ಕಾಲ ಮೇಲೆ ಭಾರ ಹಾಕಿ ಸ್ವಲ್ಪ ಏಳಬಹುದು. ಇದರಲ್ಲಿ ಆಗುವುದಿಲ್ಲ. ಏಟು ನೇರ ಬೆನ್ನುಮೂಳೆಗೆ. ಹೆದ್ದಾರಿಯಲ್ಲಿ ಮೂರು ಗಂಟೆ ಕೂತರೂ ಏನೂ ಅನಿಸದ ಸೀಟು ನಮ್ಮ ಊರೊಳಗೆ ಅರ್ಧ ಗಂಟೆಯಲ್ಲಿ ಸಾಕು ಅನಿಸುತ್ತದೆ.

ಭಾವ: ಭಾರ ಎಷ್ಟಿದೆ ಅದು?

ನಾನು: ಪುಟ್ಟ ಫೋಟೋ ಕಳಿಸಿದ ಗಾಡಿ 241 ಕೆ.ಜಿ. ನೆಲದಿಂದ ಎತ್ತರ 135 ಮಿ.ಮೀ. ಅಷ್ಟೇ, ನಮ್ಮ ಕಡೆ ರಾತ್ರೋರಾತ್ರಿ ಹಾಕುವ ಹಂಪ್‌ಗಳಿಗೆ ಹೊಟ್ಟೆ ತಾಗುತ್ತದೆ. ಸೀಟ್ 740 ಮಿ.ಮೀ., ಅದರಿಂದ ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಸಿಗುತ್ತವೆ. ಓಡುವಾಗ ಭಾರ ಗೊತ್ತೇ ಆಗುವುದಿಲ್ಲ. ಎಂಜಿನ್ ಆಫ್ ಮಾಡಿದಮೇಲೆ ಗೊತ್ತಾಗುತ್ತದೆ.

ಒಂದು ಸಲ ಸಿದ್ಧಗಂಗೆ ಜಾತ್ರೆಯಲ್ಲಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿಬಿಟ್ಟೆ. ವಾಪಸ್ ಬಂದಾಗ ಮುಂದೆ ಗೋಡೆ, ಎರಡೂ ಪಕ್ಕ ಸ್ಕೂಟರ್. ಹಿಂದಕ್ಕೆ ಎಳೆಯಲು ಹೋಗಿ ಮಣಿಕಟ್ಟು ಉಳುಕಿತು. ಕಡೆಗೆ ಕಡಲೆಪುರಿ ಮಾರುತ್ತಿದ್ದ ಇಬ್ಬರು ಹುಡುಗರು ಬಂದು ಹಿಡಿದರು. ಅವತ್ತಿನಿಂದ ಎಲ್ಲಿ ನಿಲ್ಲಿಸಿದರೂ ಹೊರಗೆ ಹೋಗುವ ದಾರಿ ನೋಡಿಯೇ ನಿಲ್ಲಿಸುತ್ತೇನೆ. ಇದನ್ನು ಯಾವ ಶೋರೂಮಿನವರೂ ಹೇಳಿಕೊಡುವುದಿಲ್ಲ.

ಚಿಕ್ಕಪ್ಪ: ಖರ್ಚು ಹೇಳಪ್ಪ. ಅದು ಮುಖ್ಯ.

ನಾನು: ಡೈರಿ ಮುಂದೆಯೇ ಇದೆ. ಹಿಂದಿನ ಟೈರ್ ಮೂರು ಸಲ ಬದಲಾಗಿದೆ, ಮುಂದಿನದು ಎರಡು ಸಲ. ಹೋದ ಸಲ ಒಂದು ಜೊತೆಗೆ 19,000 ಆಯಿತು. ಚೈನ್ ಸ್ಪ್ರಾಕೆಟ್ ಎರಡು ಸೆಟ್. ಬ್ಯಾಟರಿ ಎರಡು, ಅದರಲ್ಲಿ ಒಂದು ಲಾಕ್‌ಡೌನ್‌ನಲ್ಲಿ ಸುಮ್ನೆ ನಿಂತು ಸತ್ತಿದ್ದು. ಇನ್ಶೂರೆನ್ಸ್ ನೋಡಿ: 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 350 ಸಿಸಿ ದಾಟಿದರೆ ವರ್ಷಕ್ಕೆ 2,804 ರೂಪಾಯಿ, 150ರಿಂದ 350ರ ಒಳಗಾದರೆ 1,366. ಗಾಡಿಗೆ ಏನಾದರೂ ಆದರೆ ಸಿಗುವ ವಿಮೆ ಬೇರೆ. ಪೆಟ್ರೋಲ್ ನನಗೆ ಲೀಟರಿಗೆ 22 ಕಿ.ಮೀ. ಬರುತ್ತದೆ, ಹೆದ್ದಾರಿಯಲ್ಲಿ 25.

ಇದೆಲ್ಲ ತಡೆದುಕೊಳ್ಳಬಹುದು. ನನ್ನನ್ನು ನಿಜವಾಗಿ ಕಾಡಿದ್ದು ಸ್ಪೇರ್. ನನ್ನದು ಹೊರದೇಶದ ಗಾಡಿ. ಒಂದು ಸಲ ಬ್ಯಾಟರಿ ಚಾರ್ಜ್ ಮಾಡುವ ಸಣ್ಣ ಯೂನಿಟ್ ಹೋಯಿತು. ನಲವತ್ತೆರಡು ದಿನ ಕಾದೆ. ಆ ವಿಷಯದಲ್ಲಿ ಪುಟ್ಟ ನೋಡಿರುವುದು ವಾಸಿ, ಚೆನ್ನೈ ಹತ್ತಿರವೇ ತಯಾರಾಗುತ್ತದೆ. ಕಂಪನಿ ಈ ದೇಶದಲ್ಲಿ ಗಟ್ಟಿಯಾಗಿ ನಿಂತಿದೆಯಾ ಅಂತ ನೋಡಲೇಬೇಕು. 2020ರಲ್ಲಿ ಹಾರ್ಲೆ-ಡೇವಿಡ್‌ಸನ್ ಇಲ್ಲಿನ ಕಾರ್ಖಾನೆ ನಿಲ್ಲಿಸುತ್ತೇವೆ ಅಂದಾಗ ಎಷ್ಟೋ ಓನರ್‌ಗಳಿಗೆ ನಿದ್ದೆ ಇರಲಿಲ್ಲ. ಆಮೇಲೆ ಹೀರೋ ಮೋಟೊಕಾರ್ಪ್ ಜೊತೆ ಒಪ್ಪಂದ ಆಗಿ ಸರ್ವೀಸ್, ಸ್ಪೇರ್ ಅವರ ಕೈಗೆ ಬಂತು.

ಅಕ್ಕ: ಇಷ್ಟೆಲ್ಲ ಇದ್ದೂ ನೀನು ಯಾಕೆ ಇಟ್ಟುಕೊಂಡಿದ್ದೀಯ?

ನಾನು: ಹೇಳುತ್ತೇನೆ ಅಕ್ಕ. ಶಿರಾ ದಾಟಿದ ಮೇಲೆ ಹಿರಿಯೂರಿನವರೆಗೆ ಬಯಲು. ಪಕ್ಕದಿಂದ ಗಾಳಿ ಬಡಿಯುತ್ತದೆ. ಮುಂಚೆ ಇದ್ದ 150 ಸಿಸಿ ಗಾಡಿಯಲ್ಲಿ ಲಾರಿ ದಾಟುವಾಗ ಹ್ಯಾಂಡಲ್ ಬಿಗಿಯಾಗಿ ಹಿಡಿದು ಕೈ ಜೋಮು ಹಿಡಿಯುತ್ತಿತ್ತು. ಇದು ಅಲ್ಲಾಡುವುದಿಲ್ಲ. 90ರ ವೇಗದಲ್ಲಿ ಎಂಜಿನ್ ಇನ್ನೂ ಉಸಿರೇ ಬಿಗಿದಿರುವುದಿಲ್ಲ. ಮಾರಿಕಣಿವೆ ನೋಡಿ ಸಂಜೆ ಮನೆಗೆ ಬಂದರೆ ಕೈ ನಡುಗುವುದಿಲ್ಲ, ಕಿವಿಯಲ್ಲಿ ಗುಂಯ್ ಅನ್ನುವುದಿಲ್ಲ. ಅರವತ್ತು ಸಾವಿರ ದಾಟಿದರೂ ಎಂಜಿನ್ ಒಳಗೆ ಇನ್ನೂ ಕೈ ಹಾಕಿಸಿಲ್ಲ. ದೊಡ್ಡ ಎಂಜಿನ್ ಹೆಣಗಾಡದೆ ಓಡುತ್ತದೆ, ಅದಕ್ಕೇ ಬಾಳಿಕೆ. ನನಗೆ ಈ ಗಾಡಿ ಮೇಲೆ ಪ್ರೀತಿ ಇದೆ. ಆದರೆ ನಾನು ವಾರಕ್ಕೆ ನಾಲ್ಕು ದಿನ ಇದರಲ್ಲೇ ಓಡಾಡುತ್ತೇನೆ.

ಅಮ್ಮ: (ವಾಯ್ಸ್ ಮೆಸೇಜ್, ಅಕ್ಕ ಬರೆದದ್ದು) ಮಗು ಆಸೆಪಟ್ಟಿದೆ. ಸುಮ್ನೆ ಬೈಬೇಡಿ. ನಾಳೆ ಹೋಗಿ ನೋಡಿಕೊಂಡು ಬರಲಿ.

ನಾನು: ಹೋಗು ಪುಟ್ಟ, ಅಡ್ವಾನ್ಸ್ ಮಾತ್ರ ಕೊಡಬೇಡ. ಟೈರಿನ ಪಕ್ಕೆಯಲ್ಲಿ ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಬಲಗೈ ಬ್ರೇಕ್ ಹತ್ತಿರ ಸಣ್ಣ ಗಾಜಿನ ಕಿಂಡಿ ಇದೆ, ಒಳಗಿನ ಆಯಿಲ್ ಹೊಸ ಜೇನಿನ ಬಣ್ಣ ಇರಬೇಕು. ನೀನು ಹೋಗುವ ಮುಂಚೆ ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳು, ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನೋಡಬೇಕು.

ಭಾನುವಾರ ಮಧ್ಯಾಹ್ನ.

ಪುಟ್ಟ: ಮಾವ, ಟೈರ್ ಎರಡೂ 0323, ಅಂದರೆ 2023ರ ಮೂರನೇ ವಾರದ್ದು. ಕಿಂಡಿಯಲ್ಲಿ ಆಯಿಲ್ ಬೆಲ್ಲದ ಪಾಕದ ಹಾಗೆ ಕಪ್ಪಗಿದೆ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಓಡಿಸಿದಾಗ ತುಂಬಾ ಚೆನ್ನಾಗಿತ್ತು.

ನಾನು: ಗಾಡಿ ಕೆಟ್ಟದ್ದಲ್ಲ. ಟೈರ್, ಬ್ಯಾಟರಿ, ಚೈನ್, ಬ್ರೇಕ್ ಆಯಿಲ್, ಇಷ್ಟೂ ಖರ್ಚು ಬೆಲೆಯಲ್ಲಿ ಕಳೆಯಿರಿ ಅಂತ ಕೇಳು. ಒಂದು ತಿಂಗಳು ಟೈಮ್ ಬೇಕು ಅಂತಲೂ ಹೇಳು.

ಭಾವ: ತಿಂಗಳು ಯಾಕೆ? ಅಷ್ಟರಲ್ಲಿ ಬೇರೆಯವರು ತೊಗೊಂಡರೆ?

ನಾನು: ತೊಗೊಂಡರೆ ಇನ್ನೊಂದು ಸಿಗುತ್ತದೆ ಭಾವ. ಪುಟ್ಟ, ನನ್ನ ಗಾಡಿ ಬೀಗದ ಕೈ ಅಮ್ಮನ ಹತ್ತಿರ ಕೊಟ್ಟಿದ್ದೇನೆ. ನಾಳೆಯಿಂದ ಕಂಪನಿ ಬಸ್ ಬೇಡ, ದಿನಾ ಅದರಲ್ಲೇ ಹೋಗಿ ಬಾ. ದಿನಕ್ಕೆ ಐವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ನಾನು ತಿಂಗಳು ಬಸ್ಸಲ್ಲಿ ಓಡಾಡುತ್ತೇನೆ. ಮಳೆ ಬಂದ ದಿನವೂ ತೆಗಿ, ನೈಟ್ ಶಿಫ್ಟ್ ಮುಗಿಸಿ ಕಣ್ಣು ಎಳೆಯುವ ದಿನ ಮಾತ್ರ ಬಿಡು. ಆಮೇಲೂ ಬೇಕು ಅನಿಸಿದರೆ ಅಡ್ವಾನ್ಸ್ ಕೊಡಲು ನಾನೇ ಜೊತೆಗೆ ಬರುತ್ತೇನೆ.

ಪುಟ್ಟ: ನಿಜವಾಗಲೂನಾ ಮಾವ?

ಅಕ್ಕ: ಹೆಲ್ಮೆಟ್ ಬಕಲ್ ಹಾಕಿಕೊಂಡಿರುವ ಫೋಟೋ ದಿನಾ ಗುಂಪಿಗೆ ಬರಬೇಕು.

ನಾನು: ನಿಜವಾಗಲೂ. ಸೀಟ್ ಕೆಳಗೆ ಒಂದು ಸಣ್ಣ ಹಲಗೆ ತುಂಡು ಇದೆ. ಬಿಸಿಲಲ್ಲಿ ಡಾಂಬರಿನ ಮೇಲೆ ನಿಲ್ಲಿಸಿದರೆ ಅದನ್ನು ಸೈಡ್ ಸ್ಟ್ಯಾಂಡ್ ಕೆಳಗೆ ಇಡು. ಇಲ್ಲದಿದ್ದರೆ ಸ್ಟ್ಯಾಂಡ್ ಹೂತುಕೊಂಡು ಗಾಡಿ ಮಲಗುತ್ತದೆ.