ಪದಚರ್ಚೆ: ಡೇರೆಗೆ ‘ಕಸಿ’ ಮಾಡಿದೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಬೀದಿಯ ಟೈಲರ್ ಅಂಗಡಿಗೆ ನನ್ನ ಟೆಂಟು ತೆಗೆದುಕೊಂಡು ಹೋಗಿದ್ದೆ. ಒಬ್ಬರು ಮಲಗುವಷ್ಟೇ ಜಾಗ ಇರುವ, ಬೆನ್ನಿಗೆ ಹೊತ್ತು ಬೆಟ್ಟ ಹತ್ತುವ ಟೆಂಟು. ಫಾಲು ಹಚ್ಚಲು ಬಂದಿದ್ದ ಸೀರೆಗಳ ಮೇಲೆ ಅದನ್ನು ಹರಡಿದೆ. ಟೈಲರ್ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, "ಏನ್ ಮಾಡ್ಬೇಕು ಮೇಡಂ ಇದಕ್ಕೆ? ಆಲ್ಟ್ರೇಷನ್ನಾ?" ಅಂದರು. "ಹೂಂ, ತೂಕ ಇಳಿಸ್ಬೇಕು" ಅಂದೆ. "ಅದಕ್ಕೆ ಜನ ಜಿಮ್ಮಿಗೆ ಹೋಗ್ತಾರಲ್ಲ!" ಅಂತ ನಕ್ಕರು.

ಕೆಲಸಕ್ಕೆ ‘ಆಲ್ಟ್ರೇಷನ್’ ಸಾಕಾಯಿತು. ಬರೆಯಲು ಕೂತಾಗ ಸಾಲಲಿಲ್ಲ. ನಮ್ಮ ಚಾರಣದ ಗೆಳೆಯರು ಒಂದು ಸಂಚಿಕೆ ತರುತ್ತಿದ್ದಾರೆ, ಅದಕ್ಕೆ ಈ ಟೆಂಟಿನ ಕಥೆ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಮಾರ್ಪಾಡು’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಪರಿಷ್ಕರಣೆ’ ಪುಸ್ತಕಕ್ಕೆ ಸರಿ. ‘ದುರಸ್ತಿ’ ಅನ್ನೋಣ ಅಂದರೆ ಟೆಂಟು ಕೆಟ್ಟಿರಲಿಲ್ಲ. ಚೆನ್ನಾಗಿರುವ ವಸ್ತುವನ್ನು ಕತ್ತರಿಸಿ, ಕಿತ್ತು, ಬೇರೆಯದನ್ನು ಜೋಡಿಸಿ, ಮೊದಲಿಗಿಂತ ಹಗುರ ಮಾಡುವುದಕ್ಕೆ ನಮ್ಮಲ್ಲಿ ಒಂದು ಮಾತು ಇಲ್ಲವಾ?

‘ಹಗುರ ಮಾಡಿದೆ’ ಅಂತಲೇ ಬರೆದು ನೋಡಿದೆ. ಯಾಕೋ ಸರಿ ಹೋಗಲಿಲ್ಲ. ‘ಅಷ್ಟು ಹಗುರವಾಗಿ ಮಾತಾಡಬೇಡ’ ಅನ್ನುತ್ತೇವಲ್ಲ, ಅಲ್ಲಿ ಹಗುರ ಅಂದರೆ ಮರ್ಯಾದೆ ಕಡಿಮೆ. ತೂಕದ ಮಾತು, ತೂಕದ ಮನುಷ್ಯ ಅಂದರೆ ಹೊಗಳಿಕೆ. ನಮ್ಮ ಭಾಷೆ ಯಾವಾಗಲೂ ಭಾರದ ಕಡೆಗೇ. ಕರಡು ಓದಿದ ಧಾರವಾಡದ ಗೆಳತಿ ಬೇರೆಯೇ ತಮಾಷೆ ಮಾಡಿದಳು. ಅವರ ಕಡೆ ‘ಹಗೂರ’ ಅಂದರೆ ನಿಧಾನ, ಮೆಲ್ಲಗೆ ಅಂತಲೂ ಆಗುತ್ತದೆ. "ಹಗೂರಕ ಮಾಡವಾ, ಅವಸರ ಏನೈತಿ?" ಅಂದಳು.

ಕೊನೆಗೆ ಪದ ಸಿಕ್ಕಿದ್ದು ಮೂಡಿಗೆರೆ ಕಡೆಯ ನಮ್ಮ ಚಿಕ್ಕಮ್ಮನ ಬಾಯಲ್ಲಿ. ಫೋನಿನಲ್ಲಿ ಮಾತಾಡುವಾಗ "ತೋಟದಲ್ಲಿ ಮರಗಸಿ ನಡೀತಿದೆ, ಆಮೇಲೆ ಮಾಡ್ತೀನಿ" ಅಂದರು. ಕಾಫಿ ತೋಟದವರಿಗೆ ಈ ಮಾತು ಗೊತ್ತಿರುತ್ತದೆ. ಮಳೆ ಹಿಡಿಯುವ ಮೊದಲು ನೆರಳಿನ ಮರಗಳ ರೆಂಬೆ ಕಡಿದು ಹಗುರ ಮಾಡುವುದೇ ಮರಗಸಿ. ಅಲ್ಲಿ ಕಸಿ ಅಂದರೆ ಕಡಿಯುವುದು. ಮಾವಿನ ಸಸಿ ಕೊಳ್ಳಲು ನರ್ಸರಿಗೆ ಹೋದರೆ ಕಸಿ ಅಂದರೆ ಜೋಡಿಸುವುದು. ಪತ್ರಿಕೆ ತೆರೆದರೆ ಮೂತ್ರಪಿಂಡ ಕಸಿ. ಅದೂ ಜೋಡಿಸುವುದೇ. ಕಡಿಯುವುದಕ್ಕೂ ಜೋಡಿಸುವುದಕ್ಕೂ ಒಂದೇ ಮಾತು.

ನಾನು ಟೆಂಟಿಗೆ ಮಾಡಿದ್ದು ಸರಿಯಾಗಿ ಇದನ್ನೇ! ಹಾಗಾಗಿ ‘ಡೇರೆ ಕಸಿ’ ಅಂತ ಬರೆದುಕೊಂಡೆ. ಸಂಪಾದಕರಿಗೆ ಅದನ್ನು ಓದಿ ಕಸಿವಿಸಿ. "ಓದಿದವರು ಆಸ್ಪತ್ರೆ ವಿಷಯ ಅಂದುಕೊಳ್ತಾರೆ" ಅನ್ನುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಏನು ಮಾಡಿದೆ ಅಂತ ಸ್ವಲ್ಪ ಹೇಳದೆ ಪದ ಕೇಳಿದರೆ ಅರ್ಥ ಆಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಟೆಂಟು ಚೀಲ ಸಮೇತ 1,480 ಗ್ರಾಂ ತೂಗಿತು. ಅದರ ನೆಲ 75 ಡೀನಿಯರ್ (ನೂಲು ಎಷ್ಟು ದಪ್ಪ ಅನ್ನುವ ಲೆಕ್ಕ, ವಿವರ ಮುಂದೆ ಇದೆ) ಪಾಲಿಯೆಸ್ಟರು, ಗೋಡೆಯ ಕಡೆಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಕ್ಕೆ ಮಡಿಚಿ ನಿಲ್ಲಿಸಿದ್ದು. ಆ ನೆಲವನ್ನು ಸೊಳ್ಳೆಪರದೆಯ ಒಳಟೆಂಟಿನಿಂದ ಬಿಡಿಸಿ ತೆಗೆದು, ಸಿಲಿಕೋನ್ ಹಚ್ಚಿದ 20 ಡೀನಿಯರ್ ನೈಲಾನಿನಲ್ಲಿ ಅದೇ ಅಳತೆಯ ಹೊಸ ನೆಲ ಹೊಲಿಸಿದೆ. 145 ಗ್ರಾಂ ಇಳಿಯಿತು. ತಲಾ 14 ಗ್ರಾಮಿನ ಹತ್ತು ಅಲ್ಯುಮಿನಿಯಂ ಗೂಟ ಬಿಟ್ಟು 6 ಗ್ರಾಮಿನ ಟೈಟಾನಿಯಂ ಗೂಟ ತಂದಾಗ ಇನ್ನೊಂದು 80. ದಪ್ಪ ಹಗ್ಗ ಬದಲಿಸಿ ಸಣ್ಣ ಹುರಿ ಕಟ್ಟಿದ್ದಕ್ಕೆ 40. ಎರಡು ಬಾಗಿಲಲ್ಲಿ ಒಂದರ ಜಿಪ್ಪು ಕಿತ್ತು ಹೊಲಿದು ಮುಚ್ಚಿದ್ದಕ್ಕೆ 25. ಚೀಲಗಳನ್ನು ಮನೆಯಲ್ಲೇ ಬಿಟ್ಟಿದ್ದಕ್ಕೆ 65. ಲೇಬಲ್ಲುಗಳನ್ನು ಬ್ಲೇಡಿನಲ್ಲಿ ಬಿಡಿಸಿದ್ದಕ್ಕೆ 9. ನಗಬೇಡಿ, 9 ಗ್ರಾಮೂ ಲೆಕ್ಕ. ಹೊಲಿಗೆಗೆ ಹಚ್ಚಿದ ಸಿಲಿಕೋನು, ಹೊಸ ಕುಣಿಕೆ, ದಾರ ಸೇರಿ 28 ಗ್ರಾಂ ವಾಪಸ್ ಬಂತು. ಈಗ 1,144.

ಮೊದಲು ಹೆಸರಿನ ವಿಷಯ. ‘ಡೇರೆ’ ಬರೆದರೆ ಹಳ್ಳಿಯ ಕಡೆಯವರಿಗೆ ಯಕ್ಷಗಾನದ ಡೇರೆ ಮೇಳ ನೆನಪಾಗುತ್ತದೆ. ‘ಗುಡಾರ’ ಅಂದರೆ ದಂಡು ಬಂದಿಳಿದ ಹಾಗೆ. ಟೆಂಟ್ ಸಿನಿಮಾ ನೋಡಿ ಬೆಳೆದ ಜನಕ್ಕೆ ‘ಟೆಂಟು’ ಕನ್ನಡವೇ, ಅದನ್ನೇ ಬಿಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೊಡಕು ಇರುವುದು ‘ಒಬ್ಬರ’ ಅನ್ನುವಲ್ಲಿ. ‘ಒಂಟಿ ಟೆಂಟು’ ಅಂದರೆ ಬಯಲಲ್ಲಿ ಪಾಪ ಒಂದೇ ನಿಂತಿರುವ ಟೆಂಟು. ‘ಒಂದಾಳು ಟೆಂಟು’ ನನಗೆ ಇಷ್ಟ. ಆದರೆ ಆಳು ನಮ್ಮಲ್ಲಿ ಅಳತೆಯೂ ಹೌದು. ಎರಡಾಳು ಎತ್ತರ, ಮೂರಾಳು ಆಳ ಅನ್ನುತ್ತೇವೆ. ನನ್ನ ಟೆಂಟಿನಲ್ಲಿ ಕೂತರೇ ತಲೆ ತಾಗುತ್ತದೆ. ಅದನ್ನು ಒಂದಾಳು ಎತ್ತರ ಅಂತ ಯಾರಾದರೂ ಓದಿಕೊಂಡರೆ ಕೊಂಡವರು ಬಯ್ಯುತ್ತಾರೆ.

ಅಂಚು ಎತ್ತರಿಸಿದ ನೆಲಕ್ಕೆ ಇಂಗ್ಲಿಷಿನವರು ಸ್ನಾನದ ತೊಟ್ಟಿಯ ಹೆಸರಿಟ್ಟಿದ್ದಾರೆ. ಅದನ್ನು ಹಾಗೇ ಕನ್ನಡಕ್ಕೆ ತಂದರೆ ‘ಸ್ನಾನತೊಟ್ಟಿ ನೆಲ’. ಓದಿದವರು ಟೆಂಟಿನಲ್ಲಿ ಬಚ್ಚಲು ಹುಡುಕುತ್ತಾರೆ. ನಾನು ‘ಬದು’ ಅಂತ ಬರೆದಿದ್ದೇನೆ. ಹೊಲದ ಬದು ನೀರನ್ನು ಒಳಗೆ ನಿಲ್ಲಿಸುತ್ತದೆ, ಇದು ಹೊರಗೆ ನಿಲ್ಲಿಸುತ್ತದೆ, ಅಷ್ಟೇ ವ್ಯತ್ಯಾಸ. ‘ಬದು ಒಂದು ಬೆರಳು ತಗ್ಗಿದರೂ ಮಳೆ ನೀರು ಒಳಗೆ’ ಅಂದರೆ ರೈತರ ಮನೆಯ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಬೂಟು, ಚೀಲ ಇಡುವ ಮುಂದಿನ ಮರೆಗೆ ‘ಮೊಗಸಾಲೆ’ ಹೊಂದುತ್ತದೆ. ಮೇಲಿನ ಪದರ ನೆಲದಿಂದ ಆಚೆ ಚಾಚಿರುವುದಕ್ಕೆ ‘ಸೂರು’ ಇದ್ದೇ ಇದೆ. ಗೂಟ ಇಡುವ ಪುಟ್ಟ ಚೀಲಕ್ಕೆ ‘ಸಂಚಿ’. ಅಜ್ಜಿಯರ ಎಲೆಅಡಿಕೆ ಸಂಚಿಯ ಹಾಗೇ ಬಾಯಿಗೆ ದಾರ ಇದೆ.

ಇವೆಲ್ಲ ಸುಲಭ. ಒಂದು ಪದ ಮಾತ್ರ ನನ್ನನ್ನು ವಾರಗಟ್ಟಲೆ ಕಾಡಿತು. ಟೆಂಟಿನ ಮೇಲುಹೊದಿಕೆಯ ಅಂಚನ್ನು ನೇರವಾಗಿ ಕತ್ತರಿಸುವುದಿಲ್ಲ, ಒಳಕ್ಕೆ ಸ್ವಲ್ಪ ಬಾಗಿಸಿ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ನಾಲ್ಕೂ ಮೂಲೆ ಎಳೆದಾಗ ಅಂಚು ಬಿಗಿಯಾಗಿ ನಿಲ್ಲುತ್ತದೆ. ನೇರ ಕತ್ತರಿಸಿದರೆ ಗಾಳಿಗೆ ರಾತ್ರಿಯಿಡೀ ಪಟಪಟ. ಆ ಬಾಗಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಲ್ಯಾಟಿನ್ನಿನ ‘ಸರಪಳಿ’ಯಿಂದ ಬಂದದ್ದು, ಎರಡು ತುದಿ ಹಿಡಿದ ಸರಪಳಿ ಜೋಲುವ ಬಾಗು. ‘ಕಮಾನು’ ಅಂದುಕೊಂಡೆ, ಆದರೆ ಕಮಾನು ಮೇಲಕ್ಕೆ ಬಾಗುತ್ತದೆ. ಯುಗಾದಿಯ ದಿನ ಬಾಗಿಲಿಗೆ ಮಾವಿನೆಲೆ ಕಟ್ಟುವಾಗ ಹೊಳೆಯಿತು. ತೋರಣ! ಎರಡು ಮೊಳೆಯ ಮಧ್ಯೆ ಇಳಿಬಿದ್ದ ದಾರ ಅದೇ ಬಾಗಿನಲ್ಲಿ ಇತ್ತು. ‘ತೋರಣದ ಬಾಗಿಗೆ ಅಂಚು ಕತ್ತರಿಸಿ’ ಅಂತ ಟೈಲರಿಗೆ ಹೇಳಿದೆ. ಇನ್ನೊಂದು ಮಾತು ಕೇಳಲಿಲ್ಲ ಅವರು. ಸೀಮೆಸುಣ್ಣ ತೆಗೆದು ಒಂದೇ ಎಳೆತಕ್ಕೆ ಗೆರೆ ಹಾಕಿದರು.

ಅದೇ ಅಂಗಡಿಯಲ್ಲಿ ಇನ್ನೊಂದು ಪದ ಕಳೆದುಕೊಂಡೆ ಅನ್ನಬೇಕು. ನೆಲವನ್ನೂ ಪರದೆಯನ್ನೂ ಕೂಡಿಸಲು ಎರಡರ ಅಂಚನ್ನೂ ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಕಾಣುವಂಥದು. ಅದಕ್ಕೆ ಅವರು ಒಂದು ಹೆಸರು ಹೇಳಿದರು, ಮಷಿನ್ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಆಮೇಲೆ ಕೇಳಿದರೆ "ಜೀನ್ಸ್ ಹೊಲಿಗೆ ಅನ್ಕೊಳಿ ಮೇಡಂ" ಅಂತ ಮುಗಿಸಿದರು. ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆಯ ಟೈಲರುಗಳು ಏನಂತಾರೆ? ಹೊಲಿಗೆ ಬಿಟ್ಟು ಬಟ್ಟೆ ಹರಿಯುವುದಕ್ಕೆ ‘ಪಿಸಿಯುವುದು’ ಅನ್ನುವ ಒಳ್ಳೆ ಮಾತು ನಮ್ಮ ಕಡೆ ಇದೆ. ಪಿಸಿಯದ ಹೊಲಿಗೆಗೂ ಒಂದು ಹೆಸರು ಇರಲೇಬೇಕು.

ಈಗ ‘ಸವರು’. ಕಸಿಗೆ ಬದಲಾಗಿ ಇದನ್ನು ಬಳಸಿ ಅಂತ ಒಬ್ಬರು ಸೂಚಿಸಿದರು. ಗಿಡಗಂಟಿ ಸವರುವುದು ಅಂದರೆ ಕಡಿಯುವುದು. ರೊಟ್ಟಿಗೆ ಬೆಣ್ಣೆ ಸವರುವುದು ಅಂದರೆ ಹಚ್ಚುವುದು. ಇದಕ್ಕೂ ಎರಡು ಮುಖ! ನನ್ನ ಕೆಲಸದಲ್ಲಿ ಎರಡೂ ಇತ್ತು, ಅದರಲ್ಲಿ ಎರಡನೆಯದನ್ನು ನಾನೇ ಕೆಡಿಸಿಕೊಂಡೆ. ಸೂಜಿ ಹೋದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ನೀರು. ಅದನ್ನು ಮುಚ್ಚಲು ಹಳೆ ನೆಲಕ್ಕಿದ್ದ ಹಾಗೇ ಅಂಟುಪಟ್ಟಿ ಒತ್ತಿದೆ. ತಾರಸಿಯ ಮೇಲೆ ಟೆಂಟು ಹಾಕಿ (ಗೂಟ ಇಳಿಯದ್ದಕ್ಕೆ ನಾಲ್ಕು ಮೂಲೆಗೂ ನೀರು ತುಂಬಿದ ಬಕೆಟ್ಟು) ಪೈಪಿನಲ್ಲಿ ನೀರು ಬಿಟ್ಟರೆ ಹತ್ತೇ ನಿಮಿಷದಲ್ಲಿ ಪಟ್ಟಿ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಸಿಲಿಕೋನಿನ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಸಿಲಿಕೋನನ್ನು ಟರ್ಪೆಂಟೈನಿನಲ್ಲಿ ದೋಸೆಹಿಟ್ಟಿನ ಹದಕ್ಕೆ ತೆಳ್ಳಗೆ ಮಾಡಿ, ಹಳೆ ಬ್ರಷ್ಷಿನಲ್ಲಿ ಹೊಲಿಗೆಯುದ್ದಕ್ಕೂ ಸವರಿದೆ. ಒಂದು ದಿನ ಒಣಗಿಸಿ ಮತ್ತೆ ನೀರು ಬಿಟ್ಟೆ. ಹನಿ ಬರಲಿಲ್ಲ.

ಒಳಗೆ ಒದ್ದೆ ಆಗುವುದು ಹೊರಗಿನ ಮಳೆಯಿಂದ ಮಾತ್ರ ಅಲ್ಲ. ಮಲಗಿದವರ ಉಸಿರು ತಣ್ಣನೆಯ ಬಟ್ಟೆಗೆ ತಾಗಿ ಬೆಳಗಿನ ಜಾವಕ್ಕೆ ಹನಿಯಾಗುತ್ತದೆ. ಪಠ್ಯಪುಸ್ತಕದಲ್ಲಿ ಅದು ‘ಸಾಂದ್ರೀಕರಣ’. ಮಳೆಗಾಲದಲ್ಲಿ ನಮ್ಮ ಗೋಡೆಗಳು ಬೆವರುತ್ತವೆ ಅಲ್ವಾ? ಟೆಂಟೂ ಬೆವರಲಿ. ಹಾಗೇ, ನೈಲಾನು ನೆನೆದರೆ ಹಿಗ್ಗಿ ಜೋಲು ಬೀಳುತ್ತದೆ, ಪಾಲಿಯೆಸ್ಟರು ಅಷ್ಟು ಬೀಳುವುದಿಲ್ಲ. ‘ಜೋಲು’ ಬಿಟ್ಟು ಬೇರೆ ಪದ ಹುಡುಕುವುದೇ ಬೇಡ.

ಬಟ್ಟೆಯ ಲೆಕ್ಕದ ಪದಗಳಲ್ಲಿ ‘ಡೀನಿಯರ್’ ಹೊಸದು ಅಂದುಕೊಂಡಿದ್ದೆ. ರಾಮನಗರದ ರೇಷ್ಮೆ ನೂಲು ಬಿಚ್ಚುವವರಿಗೆ ಅದು ದಿನಬಳಕೆಯ ಮಾತು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ರೇಷ್ಮೆಯಲ್ಲಿ 20–22 ಸಾಮಾನ್ಯ, ಅಂದರೆ ನನ್ನ ಹೊಸ ನೆಲದ ನೂಲೂ ರೇಷ್ಮೆ ನೂಲೂ ಹೆಚ್ಚುಕಡಿಮೆ ಒಂದೇ ತೂಕದವು. ಪದ ಮೂಲದಲ್ಲಿ ಫ್ರಾನ್ಸಿನ ಒಂದು ನಾಣ್ಯ. ಅದರ ಹಿಂದಿನ ರೋಮನ್ ನಾಣ್ಯದಿಂದಲೇ ಸಂಸ್ಕೃತದ ‘ದೀನಾರ’ವೂ ಬಂದದ್ದು. ಕನ್ನಡಕ್ಕೆ ಇದು ದೂರದ ನೆಂಟ.

ಇದಕ್ಕಿಂತ ಮಜಾ ಇನ್ನೊಂದು. ಈಗ ಅತಿ ಹಗುರ, ಅತಿ ದುಬಾರಿ ಟೆಂಟುಗಳನ್ನು ಡೈನೀಮಾ ಕಾಂಪೊಸಿಟ್ ಅನ್ನುವ ವಸ್ತುವಿನಲ್ಲಿ ಮಾಡುತ್ತಾರೆ. ಅದರ ಹಳೆ ಹೆಸರು ಕ್ಯೂಬೆನ್ ಫೈಬರ್. ಕ್ಯೂಬಾ ದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ. 1992ರಲ್ಲಿ ಅಮೆರಿಕಾಸ್ ಕಪ್ ಅನ್ನುವ ದೋಣಿ ಪಂದ್ಯ ಗೆದ್ದ ‘ಅಮೆರಿಕ ಕ್ಯೂಬ್ಡ್’ ಅನ್ನುವ ಹಾಯಿದೋಣಿಯಿಂದ ಬಂದ ಹೆಸರು, ‘ಅಮೆರಿಕದ ಘನ’ ಅಂದ ಹಾಗೆ. ಈಗ ಕನ್ನಡದ ಕಿವಿಯಲ್ಲಿ ಕೇಳಿ. ಗಣಿತದಲ್ಲಿ ಘನ ಅಂದರೆ ಮೂರನೆಯ ಘಾತ. ಮಾತಿನಲ್ಲಿ ಘನ ಅಂದರೆ ಭಾರವಾದದ್ದು, ಗಟ್ಟಿಯಾದದ್ದು. ಲೋಕದ ಅತಿ ಹಗುರದ ಟೆಂಟಿಗೆ ‘ಘನ’ ಅಂತ ಹೆಸರು! ಇನ್ನೊಂದು ಸಂಶಯ: ಅದನ್ನು ನೇಯುವುದಿಲ್ಲ, ಎಳೆಗಳನ್ನು ಎರಡು ತೆಳು ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಇಟ್ಟು ಒತ್ತುತ್ತಾರೆ. ನೇಯದ್ದನ್ನು ಬಟ್ಟೆ ಅನ್ನಬಹುದಾ? ನಾನು ‘ಹಾಳೆ’ ಅಂತ ಬರೆದಿದ್ದೇನೆ.

ಈ ಹುಚ್ಚು ನಮ್ಮ ಕಾಲದ್ದಲ್ಲ. 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನುವ 67 ವರ್ಷದ ಅಜ್ಜಿ ಅಮೆರಿಕದ ಅಪಲಾಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಟೆಂಟೇ ಒಯ್ದಿರಲಿಲ್ಲ. ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಅಂದ ಹಾಗೆ, ಮಳೆಗೆ ಹೊದ್ದು ರಾತ್ರಿ ಹಗ್ಗಕ್ಕೆ ಕಟ್ಟಿ ಕೆಳಗೆ ಮಲಗುವಂಥ ಹೊದಿಕೆಗಳು ಈಗ ಸಿಗುತ್ತವೆ. ಅವಕ್ಕೆ ‘ಕೊಪ್ಪೆ’ ಅನ್ನಲು ನನಗೆ ಸಂಕೋಚವೇ ಇಲ್ಲ.

ಹಾಗಾದರೆ ನನ್ನ ಪ್ರಶ್ನೆಗಳು. ಕಾಫಿ ಸೀಮೆಯ ಹೊರಗೆ ಕಸಿ ಅಂದರೆ ಕಡಿಯುವುದು ಅನ್ನುವ ಅರ್ಥ ಎಲ್ಲಾದರೂ ಉಳಿದಿದೆಯಾ? ‘ಕಸಿದುಕೊಳ್ಳು’ವಿನ ಕಸಿಯೂ ಈ ಕಸಿಯೂ ಒಂದೇ ಬೇರಿನದಾ, ಸುಮ್ನೆ ಒಂದೇ ಹಾಗೆ ಕೇಳಿಸುತ್ತವಾ? ಜೋಡಿಸುವಾಗ ‘ಕಸಿ ಕಟ್ಟು’, ಕಡಿಯುವಾಗ ‘ಕಸಿ ಮಾಡು’ ಅನ್ನುವ ಭೇದ ನಿಮ್ಮ ಕಡೆ ಇದೆಯಾ? ಜೊತೆಗೆ ಒಂದು ಗಂಟಿನ ಹೆಸರು ಬೇಕು. ಎಳೆದಾಗ ಬಿಗಿಯಾಗಿ ನಿಲ್ಲುವ, ಕೈಯಲ್ಲಿ ಸರಿಸಿದರೆ ಸರಿಯುವ ಗಂಟು, ಟೆಂಟಿನ ಹಗ್ಗಕ್ಕೆ ಹಾಕುವುದು. ‘ಜೀರುಗುಣಿಕೆ’ ಅಲ್ಲ, ಅದು ಎಳೆದಷ್ಟೂ ಬಿಗಿಯುತ್ತಾ ಹೋಗುತ್ತದೆ. ದನ ಕಟ್ಟುವವರಲ್ಲೋ ದೋಣಿಯವರಲ್ಲೋ ಇದಕ್ಕೆ ಮಾತು ಇದ್ದೇ ಇರುತ್ತದೆ.

ಲೇಖನ ಕೊಡಬೇಕಾದದ್ದು ಈ ತಿಂಗಳ ಕೊನೆಗೆ. ಅಲ್ಲಿಯವರೆಗೆ ಕರಡಿನಲ್ಲಿ ‘ಕಸಿ’ ಅಂತಲೇ ಇರುತ್ತದೆ, ಪೆನ್ಸಿಲಿನಲ್ಲಿ. ಟೈಲರ್ ಕೊಟ್ಟ ಚೀಟಿಯಲ್ಲಂತೂ ‘ಟೆಂಟ್ 1, ಸಣ್ಣ ಮಾಡಿದ್ದು’ ಅಂತ ಇದೆ.